ಮನೆಯ ಅಂಗಳದಲ್ಲೇ ಬಿಎಂಡಬ್ಲ್ಯು 320ಡಿ ಕಾರಿನ ಮುಂದಿನ ಬ್ರೇಕ್ ಬದಲಾವಣೆ

ಕಾರು 2014ರ ಬಿಎಂಡಬ್ಲ್ಯು 320ಡಿ, ಅಂದರೆ ಎಫ್30 ಎಂದು ಕರೆಯಲಾಗುವ ತಲೆಮಾರಿನದು. ಮುಂದಿನ ಬ್ರೇಕಿಗೆ ಇನ್ನೆಷ್ಟು ಕಿಲೋಮೀಟರ್ ಆಯುಷ್ಯವಿದೆ ಎಂದು ಲೆಕ್ಕಹಾಕಿ ತೋರಿಸುವ ಸರ್ವಿಸ್ ಪಟ್ಟಿಯಲ್ಲಿ ಸಂಖ್ಯೆ ಸೊನ್ನೆಯತ್ತ ಇಳಿಯುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡುತ್ತಿದ್ದುದು ನಡುಕ: ಗಂಟೆಗೆ 80 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಎರಡೂ ಕೈಗಳಲ್ಲಿ ಸಣ್ಣಗೆ ಅದುರುತ್ತಿತ್ತು. 40ಕ್ಕೆ ಇಳಿಯುವಷ್ಟರಲ್ಲಿ ಅದು ನಿಂತುಬಿಡುತ್ತಿತ್ತು. ಒಂದು ಸರ್ವಿಸ್ ಕೇಂದ್ರದಿಂದ ಅಂದಾಜು ಪಟ್ಟಿ ಪಡೆದು, ಅದೇ ಗುಣಮಟ್ಟದ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬೆಲೆ ವಿಚಾರಿಸಿದಾಗ, ಕೂಲಿಯನ್ನು ಬದಿಗಿಟ್ಟರೂ ವ್ಯತ್ಯಾಸ ದೊಡ್ಡದಿತ್ತು. ಮುಂದಿನ ಎರಡು ಚಕ್ರಗಳ ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ), ಅದನ್ನು ಎರಡೂ ಕಡೆಯಿಂದ ಒತ್ತಿ ತಡೆಯುವ ಪ್ಯಾಡ್ ಮತ್ತು ಪ್ಯಾಡಿನ ಸವೆತವನ್ನು ತಿಳಿಸುವ ಸೆನ್ಸರನ್ನು ಬನಶಂಕರಿಯ ನಮ್ಮ ಮನೆಯ ಅಂಗಳದಲ್ಲೇ ಬದಲಿಸುವುದೆಂದು ತೀರ್ಮಾನಿಸಿದೆ.

ಐಷಾರಾಮಿ ಕಾರು ಎಂಬ ಕಾರಣಕ್ಕೆ ಬ್ರೇಕಿನ ಯಂತ್ರರಚನೆ ಬೇರೆಯಾಗಿರುತ್ತದೆ ಎಂದು ಹೆದರುವವರು ಬಹಳ ಜನ. ಈ ಕಾರಿನ ಮುಂದಿನ ಚಕ್ರದಲ್ಲಿರುವುದು ಒಂದೇ ಪಿಸ್ಟನ್ನಿನ, ಎರಡು ಗೈಡ್ ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ. ಬೀದಿಯಲ್ಲಿ ಓಡಾಡುವ ಸಣ್ಣ ಹ್ಯಾಚ್‌ಬ್ಯಾಕಿನಲ್ಲೂ ತತ್ತ್ವ ಇದೇ. ವ್ಯತ್ಯಾಸವಿರುವುದು ಡಿಸ್ಕಿನ ಗಾತ್ರದಲ್ಲಿ, ಸೆನ್ಸರಿನಲ್ಲಿ, ಕಾರನ್ನು ಎತ್ತುವ ಜಾಗದಲ್ಲಿ ಮತ್ತು ಕೊನೆಯಲ್ಲಿ ಕಂಪ್ಯೂಟರಿಗೆ ಕೆಲಸ ಮುಗಿಯಿತೆಂದು ತಿಳಿಸಬೇಕಾದ ವಿಧಾನದಲ್ಲಿ. ಆದರೆ ಈ ಮಾತನ್ನು ಎಲ್ಲ ದುಬಾರಿ ಕಾರುಗಳಿಗೂ ಹಾಗೆಯೇ ಅನ್ವಯಿಸುವಂತಿಲ್ಲ. ಎಫ್30ಯಲ್ಲಿ ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇದ್ದು, ಅದರ ಶೂಗಳು ಹಿಂದಿನ ಡಿಸ್ಕಿನ ಟೊಪ್ಪಿಗೆಯೊಳಗೆ ಪ್ರತ್ಯೇಕವಾಗಿ ಕುಳಿತಿರುತ್ತವೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಎಫ್10 ಐದನೆಯ ಸರಣಿಯಲ್ಲಾಗಲಿ, ಆಡಿ ಎ4ನ ಬಿ8 ತಲೆಮಾರಿನಲ್ಲಾಗಲಿ ಹಿಂದಿನ ಕ್ಯಾಲಿಪರಿನ ಮೋಟಾರನ್ನು ಸ್ಕ್ಯಾನರ್ ಮೂಲಕ ಸರ್ವಿಸ್ ಸ್ಥಿತಿಗೆ ತರದೆ ಪಿಸ್ಟನ್ ತಳ್ಳಲು ಹೋದರೆ ಕ್ಯಾಲಿಪರ್ ಹಾಳಾಗುತ್ತದೆ. ಇನ್ನು 2002ರಿಂದ 2006ರ ನಡುವಿನ ಮರ್ಸಿಡಿಸ್ ಡಬ್ಲ್ಯು211 ಇ-ಕ್ಲಾಸಿನಲ್ಲಿದ್ದ ಸೆನ್ಸೊಟ್ರಾನಿಕ್ ವ್ಯವಸ್ಥೆಯಂತೂ ಕಾರಿನ ಬೀಗ ತೆಗೆದರೆ ಅಥವಾ ಬಾಗಿಲು ತೆರೆದರೆ ತಾನಾಗಿಯೇ ಒತ್ತಡ ತುಂಬಿಕೊಂಡು ಕ್ಯಾಲಿಪರನ್ನು ಹಿಸುಕುತ್ತದೆ. ಅದನ್ನು ನಿಷ್ಕ್ರಿಯಗೊಳಿಸದೆ ಕೈ ಹಾಕಿದವರ ಬೆರಳು ಉಳಿಯುವುದು ಕಷ್ಟ. ತನ್ನ ಕಾರು ಈ ಗುಂಪಿನದೇ ಅಲ್ಲವೇ ಎಂಬುದನ್ನು ಮೊದಲು ತಿಳಿದುಕೊಳ್ಳದೆ ಸ್ಪ್ಯಾನರ್ ಹಿಡಿಯಬಾರದು.

ಬ್ರೇಕ್ ಮಾಡುವ ಕೆಲಸವೆಂದರೆ ಚಲನೆಯನ್ನು ಶಾಖವಾಗಿ ಬದಲಿಸುವುದು. ಜನ ಕುಳಿತ ಈ ಕಾರಿನ ತೂಕವನ್ನು 1,600 ಕೆ.ಜಿ. ಎಂದು ಹಿಡಿದರೆ, 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ ಸುಮಾರು 220 ಕಿಲೋಜೌಲ್ ಶಕ್ತಿ ಶಾಖವಾಗುತ್ತದೆ. 100ರಿಂದ ನಿಂತರೆ ಅದು 615ಕ್ಕೂ ಮೀರುತ್ತದೆ. ಭಾರ ಮುಂದಕ್ಕೆ ವಾಲುವುದರಿಂದ ಇದರ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳಿಗೇ ಹೋಗುತ್ತದೆ. ಎಂಟೊಂಬತ್ತು ಕೆ.ಜಿ.ಯ ಒಂದು ಡಿಸ್ಕು 60ರಿಂದ ಒಂದು ಬಾರಿ ನಿಂತಾಗ 20 ಡಿಗ್ರಿಯಷ್ಟು ಬಿಸಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ಸಂಚಾರದಲ್ಲಿ ವೇಗ ಕಡಿಮೆಯಿರುವುದರಿಂದ ಪ್ರತಿ ಸಲದ ಶಾಖ ಅಲ್ಪ, ಆದರೆ ಒತ್ತುವ ಸಂಖ್ಯೆ ಅಪಾರ. ಆಟೊಮ್ಯಾಟಿಕ್ ಗೇರ್ ಇರುವ ಕಾರು ತಾನಾಗಿಯೇ ತೆವಳುವುದರಿಂದ ಅದನ್ನು ತಡೆಹಿಡಿಯುವ ಕೆಲಸವೂ ಪ್ಯಾಡುಗಳದ್ದೇ. ಇದಕ್ಕೆ ವಿರುದ್ಧವಾದ ಬಳಕೆಯೆಂದರೆ ನಂದಿ ಬೆಟ್ಟದ ಇಳಿಜಾರು: 500 ಮೀಟರ್ ಎತ್ತರವನ್ನು ಎಂಜಿನ್ನಿನ ತಡೆಯಿಲ್ಲದೆ ಬರಿಯ ಬ್ರೇಕಿನಿಂದಲೇ ಇಳಿದರೆ, 60ರ ವೇಗದಿಂದ 35 ಬಾರಿ ನಿಂತಷ್ಟು ಶಾಖವನ್ನು ಬ್ರೇಕುಗಳು ನುಂಗಬೇಕಾಗುತ್ತದೆ. ಭಾನುವಾರದ ಬೆಳಿಗ್ಗೆ ಆ ತಿರುವುಗಳಲ್ಲಿ ಸುಟ್ಟ ವಾಸನೆ ಬರುವುದು ಸುಮ್ಮನೆ ಅಲ್ಲ.

ಭಾಗಗಳ ಖರೀದಿಗೆ ಚಾಸಿ ಸಂಖ್ಯೆಯ ಕೊನೆಯ ಏಳು ಅಕ್ಷರಾಂಕಗಳು ಬೇಕು. ಒಂದೇ ಮಾದರಿಯ ಎರಡು ಕಾರುಗಳಲ್ಲಿ ಬೇರೆ ಬೇರೆ ಅಳತೆಯ ಬ್ರೇಕುಗಳಿರಬಹುದಾದ್ದರಿಂದ, ಮಾದರಿಯ ಹೆಸರು ಹೇಳಿ ಪ್ಯಾಡು ಕೇಳುವುದು ವ್ಯರ್ಥ. ನನ್ನ ಕಾರಿಗೆ ಮುಂದಿನ ಡಿಸ್ಕು 312 ಮಿ.ಮೀ. ವ್ಯಾಸ, 24 ಮಿ.ಮೀ. ದಪ್ಪದ, ನಡುವೆ ಗಾಳಿಯ ದಾರಿಗಳಿರುವಂಥದು. ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ, ಅಸಲಿಯೂ ಸಿಗುತ್ತದೆ, ಅಸಲಿಯ ಪೆಟ್ಟಿಗೆಯೊಳಗಿನ ನಕಲಿಯೂ ಸಿಗುತ್ತದೆ. ಪೆಟ್ಟಿಗೆಯನ್ನು ನಂಬದೆ ಪ್ಯಾಡಿನ ಹಿಂದಿನ ಉಕ್ಕಿನ ತಗಡನ್ನು ತಿರುಗಿಸಿ ನೋಡುವುದು ಒಳ್ಳೆಯದು. ಯುರೋಪಿನ ಆರ್90 ನಿಯಮದ ಪ್ರಕಾರ ಪರೀಕ್ಷಿತವಾದ ಪ್ಯಾಡಿನ ಮೇಲೆ ಇ ಅಕ್ಷರ, ದೇಶದ ಅಂಕಿ ಮತ್ತು ಆ ನಿಯಮದ ಸಂಖ್ಯೆ ಇರುತ್ತವೆ. ಜರ್ಮನಿಯ ಅಂಕಿ 1. ಇಂಥ ಪ್ಯಾಡಿನ ತಡೆಯುವ ಶಕ್ತಿ ಮೂಲ ಪ್ಯಾಡಿನ ಶಕ್ತಿಗಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಇರಬಾರದೆಂಬುದು ನಿಯಮ. ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ಗುರುತೂ ಕಾಣಬಹುದು: ಮೊದಲಿನದು ತಣ್ಣಗಿರುವಾಗಿನ, ಎರಡನೆಯದು ಬಿಸಿಯಾದಾಗಿನ ಘರ್ಷಣೆಯ ದರ್ಜೆ. ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ತಣ್ಣಗಿದ್ದಾಗ ಜಿ, ಬಿಸಿಯಾದಾಗ ಇ ದರ್ಜೆಗೆ ಇಳಿಯುವ ಪ್ಯಾಡು ಅಗ್ಗಕ್ಕೆ ಸಿಕ್ಕರೂ ನನಗೆ ಬೇಡ. ಎಟಿಇ, ಟೆಕ್ಸ್ಟಾರ್, ಟಿಆರ್‌ಡಬ್ಲ್ಯು ಹೆಸರಿನ ಪ್ಯಾಡುಗಳಲ್ಲಿ ಯಾವುದನ್ನು ಕೊಂಡರೂ ಚಕ್ರದ ಅಲಾಯ್ ಕಪ್ಪಾಗುವುದು ತಪ್ಪುವುದಿಲ್ಲ. ಜರ್ಮನ್ ಕಾರುಗಳ ಪ್ಯಾಡುಗಳಲ್ಲಿ ಲೋಹದ ಅಂಶವಿದ್ದು ಅವು ಪುಡಿ ಹೆಚ್ಚು ಬಿಡುತ್ತವೆ. ಕೊನೆಗೆ ಟೆಕ್ಸ್ಟಾರ್ ಪ್ಯಾಡು, ಬೂದು ಲೇಪನವಿರುವ ಎಟಿಇ ಡಿಸ್ಕು, ಹೊಸ ಸೆನ್ಸರ್, ಕ್ಯಾಲಿಪರನ್ನು ಹೊರುವ ಬ್ರಾಕೆಟ್ಟಿನ ಹೊಸ ಬೋಲ್ಟುಗಳು ಮತ್ತು ಡಿಸ್ಕನ್ನು ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಹಿಡಿದಿಡುವ ಸಣ್ಣ ತಿರುಪುಗಳು, ಇಷ್ಟನ್ನು ಕೊಂಡೆ. ತಿರುಪು ಚಿಲ್ಲರೆ ಬೆಲೆಯದು. ಹಳೆಯದು ಬಿಚ್ಚುವಾಗ ತಲೆ ಸವೆದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಉಪಕರಣಗಳಲ್ಲಿ ಬಹುಪಾಲು ಎಸ್.ಪಿ. ರಸ್ತೆಯವು. 17 ಮತ್ತು 18 ಮಿ.ಮೀ. ಸಾಕೆಟ್, 6 ಮತ್ತು 7 ಮಿ.ಮೀ. ಅಲೆನ್ ಬಿಟ್, ಎರಡು ವ್ಯಾಪ್ತಿಯ ಎರಡು ಟಾರ್ಕ್ ರೆಂಚು, ವೈರ್ ಬ್ರಷ್, ಉಪ್ಪುಕಾಗದ, ಬ್ರೇಕ್ ಕ್ಲೀನರ್ ಮತ್ತು ಪಿಸ್ಟನ್ ಒತ್ತುವ ತಿರುಪಿನ ಸಾಧನ ಬೇಕಾಗುತ್ತವೆ. 7 ಮಿ.ಮೀ. ಅಲೆನ್ ಸಾಮಾನ್ಯ ಪೆಟ್ಟಿಗೆಗಳಲ್ಲಿ ಇರುವುದಿಲ್ಲ, ಅದನ್ನು ಕೇಳಿಯೇ ಕೊಳ್ಳಬೇಕು. ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವ, ಹೆಚ್ಚಿನ ಗ್ಯಾರೇಜುಗಳಲ್ಲಿ ಹೊರಗೇ ಬಾರದ ಉಪಕರಣವೆಂದರೆ, ಡಿಸ್ಕಿನ ಓಲಾಟವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಅಳೆಯುವ, ಆಯಸ್ಕಾಂತದ ಬುಡವಿರುವ ಡಯಲ್ ಗೇಜು. ಈ ಕಾರಿನ ಚಕ್ರಕ್ಕೆ ಸ್ಟಡ್ ಇಲ್ಲ, ಎಂ14 ಅಳತೆಯ ಬೋಲ್ಟುಗಳಿವೆ. ಭಾರದ ಚಕ್ರವನ್ನು ಎತ್ತಿ ರಂಧ್ರ ಹೊಂದಿಸುವ ಪಾಡು ತಪ್ಪಿಸಲು, ಅದೇ ಎಳೆಯ ಒಂದು ಉದ್ದನೆಯ ತಲೆಯಿಲ್ಲದ ಕಡ್ಡಿಯನ್ನು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಮಾಡಿಸಿಕೊಂಡೆ. ಎಳೆಯ ಅಂತರ 1.25 ಮಿ.ಮೀ. ಎಂದು ಸ್ಪಷ್ಟವಾಗಿ ಹೇಳದಿದ್ದರೆ ಅವರು ಅಭ್ಯಾಸಬಲದಿಂದ 1.5 ಅಥವಾ 2 ಕೊರೆದುಕೊಡುತ್ತಾರೆ.

ಕಾರನ್ನು ಎತ್ತುವುದರಲ್ಲಿಯೇ ಜೀವದ ಅಪಾಯವಿರುವುದು. ಬೆಂಗಳೂರಿನ ಮನೆಗಳ ಅಂಗಳ ಸಾಮಾನ್ಯವಾಗಿ ಮಳೆನೀರು ಹರಿದುಹೋಗಲೆಂದು ರಸ್ತೆಯ ಕಡೆಗೆ ಇಳಿಜಾರಾಗಿರುತ್ತದೆ, ಮೇಲೆ ನುಣುಪಾದ ಟೈಲ್ಸ್ ಬೇರೆ. ನಮ್ಮಲ್ಲಿ ಗೋಡೆಯ ಪಕ್ಕದ ಸಿಮೆಂಟಿನ ನೆಲ ಮಾತ್ರ ಸಮತಟ್ಟಾಗಿದೆ; ಕಾರನ್ನು ಅಲ್ಲಿಗೆ ತಂದು, ಗೇರನ್ನು ಪಾರ್ಕಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಎರಡೂ ಬದಿಗೆ ಮರದ ತುಂಡು ಕೊಟ್ಟೆ. ಚಕ್ರ ನೆಲಕ್ಕೆ ತಾಗಿರುವಾಗಲೇ ಬೋಲ್ಟುಗಳನ್ನು ಕಾಲು ಸುತ್ತು ಸಡಿಲಿಸಿಕೊಂಡೆ. ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲ್ಯಾಟ್ ಟೈರಿನ ಈ ಕಾರಿನೊಂದಿಗೆ ಜಾಕ್ ಬಂದಿರಲಿಲ್ಲ. ಬಾಗಿಲ ಕೆಳಗಿನ ಅಂಚಿನಲ್ಲಿ ನಾಲ್ಕು ಕಡೆ ಎತ್ತಲೆಂದೇ ಆಯತಾಕಾರದ ಪ್ಲಾಸ್ಟಿಕ್ ಪ್ಯಾಡುಗಳಿವೆ, ಅವನ್ನು ಬಿಟ್ಟು ಬೇರೆಡೆ ಜಾಕ್ ಕೊಟ್ಟರೆ ತಗಡು ನೆಗ್ಗುತ್ತದೆ. ತೊಡಕೆಂದರೆ ಜಾಕ್ ಅಲ್ಲಿಗೆ ಬಂದ ಮೇಲೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡಿಗೆ ಆ ಜಾಗ ಉಳಿಯುವುದಿಲ್ಲ. ಆದ್ದರಿಂದ ಸ್ಟ್ಯಾಂಡಿನ ತಲೆಗೆ ಗಟ್ಟಿ ರಬ್ಬರ್ ಹಾಕಿ ಮುಂದಿನ ಸಬ್‌ಫ್ರೇಮಿನ ದಪ್ಪ ಭಾಗಕ್ಕೆ ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ಜಾಕನ್ನು ಅದರ ಜಾಗದಲ್ಲೇ ತಾಗಿದಂತೆ ಬಿಟ್ಟೆ. ಬಿಚ್ಚಿದ ಚಕ್ರವನ್ನು ಬಾಗಿಲ ಅಂಚಿನ ಕೆಳಗೆ ಮಲಗಿಸಿದೆ. ಒಂದು ಸಲಕ್ಕೆ ಒಂದೇ ಬದಿ. ಇದು ನಿಧಾನವೇ ಸರಿ, ಆದರೆ ಒಂದು ಬದಿಯನ್ನು ಬಿಚ್ಚಿದಾಗ ಗೊಂದಲವಾದರೆ ನೋಡಿಕೊಳ್ಳಲು ಇನ್ನೊಂದು ಬದಿ ಹಾಗೇ ಇರುತ್ತದೆ.

ಬಿಚ್ಚುವುದರಲ್ಲಿ ವಿಶೇಷವೇನಿಲ್ಲ. ಸ್ಟೀರಿಂಗನ್ನು ಸೂಕ್ತ ಬದಿಗೆ ತಿರುಗಿಸಿಕೊಂಡರೆ ಕ್ಯಾಲಿಪರಿನ ಬೆನ್ನು ಹೊರಗೆ ಬರುತ್ತದೆ. ಕ್ಯಾಲಿಪರಿನ ಮುಖದ ಮೇಲಿನ ಸ್ಪ್ರಿಂಗನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸುವಾಗ ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದಿರಬೇಕು, ಇಲ್ಲದಿದ್ದರೆ ಅದು ಹಾರಿ ಮುಖಕ್ಕೆ ಬಡಿಯುತ್ತದೆ. ಹಿಂಬದಿಯ ಎರಡು ಪ್ಲಾಸ್ಟಿಕ್ ಮುಚ್ಚಳ ತೆಗೆದು 7 ಮಿ.ಮೀ. ಅಲೆನ್‌ನಿಂದ ಗೈಡ್ ಪಿನ್ ಬಿಚ್ಚಿದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ಬ್ರೇಕ್ ದ್ರವದ ಹೋಸಿನ ಮೇಲೆ ಜೋತುಬಿಡದೆ ಸಸ್ಪೆನ್ಷನ್ನಿನ ಸ್ಪ್ರಿಂಗಿಗೆ ದಪ್ಪ ತಂತಿಯಿಂದ ಕಟ್ಟಬೇಕು. ಎಡಬದಿಯಲ್ಲಿ ಒಳಗಿನ ಪ್ಯಾಡಿನಿಂದ ಸೆನ್ಸರನ್ನು ಎಳೆದು ತೆಗೆದೆ. ಮುಂದೆ ಸೆನ್ಸರ್ ಇರುವುದು ಎಡಚಕ್ರದಲ್ಲಿ ಮಾತ್ರ, ಹಿಂದೆ ಬಲಚಕ್ರದಲ್ಲಿ ಮಾತ್ರ. ಬ್ರಾಕೆಟ್ಟಿನ ಎರಡು ಬೋಲ್ಟುಗಳಿಗೆ ಉದ್ದನೆಯ ಹಿಡಿ ಬೇಕಾಯಿತು. ಡಿಸ್ಕಿನ ತಿರುಪಿಗೆ ಬಿಟ್ಟನ್ನು ಕೂರಿಸಿ, ಸುತ್ತಿಗೆಯಿಂದ ನೇರವಾಗಿ ನಾಲ್ಕು ಪೆಟ್ಟು ಹಾಕಿದ ಮೇಲೆಯೇ ತಿರುಗಿಸಿದೆ. ಹೊಡೆತಕ್ಕೆ ಎಳೆಯ ನಡುವಿನ ತುಕ್ಕು ಬಿಡುತ್ತದೆ. ಇಲ್ಲಿಯವರೆಗಿನ ಪುಡಿಯನ್ನು ಗಾಳಿಯಿಂದ ಊದದೆ, ಮಾಸ್ಕ್ ಧರಿಸಿ ಬ್ರೇಕ್ ಕ್ಲೀನರಿನಿಂದ ಒದ್ದೆ ಮಾಡಿ ಒರೆಸಬೇಕು ಎಂಬುದನ್ನು ಮರೆಯಬಾರದು.

ಹಳೆಯ ಡಿಸ್ಕಿನ ದಪ್ಪ ಅಳೆಯುವುದಕ್ಕೆ ವರ್ನಿಯರ್ ಸಾಲದು. ಪ್ಯಾಡು ತಾಗದ ಹೊರ ಅಂಚು ಸವೆಯದೆ ಏಣಿನಂತೆ ಉಳಿದಿರುವುದರಿಂದ ವರ್ನಿಯರಿನ ದವಡೆ ಆ ಏಣಿನ ಮೇಲೆ ಕುಳಿತು ಹೆಚ್ಚಿನ ಅಳತೆ ತೋರಿಸುತ್ತದೆ, ಅದನ್ನು ನಂಬಿ ಸವೆದ ಡಿಸ್ಕನ್ನು ಮುಂದುವರಿಸುವವರಿದ್ದಾರೆ. ಮೈಕ್ರೋಮೀಟರ್ ಇಲ್ಲದವರು ಒಂದೇ ಬಗೆಯ ಎರಡು ನಾಣ್ಯಗಳನ್ನು ಡಿಸ್ಕಿನ ಎರಡೂ ಮುಖಗಳಿಗೆ ಒತ್ತಿ ಹಿಡಿದು, ಅವುಗಳ ಹೊರಗಿನಿಂದ ಅಳೆದು, ನಾಣ್ಯಗಳ ದಪ್ಪವನ್ನು ಕಳೆದರೆ ಸಾಕು. ನನಗೆ ಸಿಕ್ಕಿದ್ದು 22.5 ಮಿ.ಮೀ. ಈ ಡಿಸ್ಕಿಗೆ ಕನಿಷ್ಠ ಮಿತಿ 22.4 ಎಂದು ಅದರ ಅಂಚಿನಲ್ಲೇ ಅಚ್ಚೊತ್ತಿದೆ. ಆ ಮಿತಿ ಕಾರು ಇನ್ನು ನಿಲ್ಲುವುದಿಲ್ಲ ಎಂಬುದರ ಗುರುತಲ್ಲ. ಲೋಹ ಕಡಿಮೆಯಾದಷ್ಟೂ ಅದೇ ಶಾಖಕ್ಕೆ ಡಿಸ್ಕು ಹೆಚ್ಚು ಬಿಸಿಯಾಗುತ್ತದೆ, ಬಿರುಕು ಬಿಡುವ ಸಂಭವ ಹೆಚ್ಚುತ್ತದೆ ಎಂಬುದರ ಗುರುತು. ಹೊಸ ಪ್ಯಾಡಿನ ಆಯುಷ್ಯ ಮುಗಿಯುವ ಮೊದಲೇ ಆ ಡಿಸ್ಕು ಮಿತಿಗಿಂತ ಕೆಳಗಿಳಿಯುವುದು ಖಂಡಿತವಿದ್ದುದರಿಂದ ಅದನ್ನು ಉಳಿಸುವ ಪ್ರಶ್ನೆಯೇ ಇರಲಿಲ್ಲ.

ಪ್ಯಾಡುಗಳು ಇನ್ನೊಂದು ವಿಷಯ ಹೇಳಿದವು. ಬಲಬದಿಯಲ್ಲಿ ಒಳಗಿನದೂ ಹೊರಗಿನದೂ ಹೆಚ್ಚುಕಡಿಮೆ ಸಮನಾಗಿ ಸವೆದಿದ್ದವು. ಎಡಬದಿಯಲ್ಲಿ ಮಾತ್ರ ಪಿಸ್ಟನ್ ಕಡೆಯ ಪ್ಯಾಡಿನಲ್ಲಿ 3 ಮಿ.ಮೀ. ಆಸುಪಾಸು ಉಳಿದಿದ್ದರೆ, ಹೊರಗಿನದರಲ್ಲಿ ಅದರ ಸುಮಾರು ಎರಡರಷ್ಟು ಇತ್ತು. ಕ್ಯಾಲಿಪರ್ ಪಿನ್ನಿನ ಮೇಲೆ ಸರಾಗವಾಗಿ ಜಾರದಿದ್ದಾಗ ಆಗುವುದು ಇದೇ: ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆದರೆ ಕ್ಯಾಲಿಪರಿನ ದೇಹ ಹಿಂದೆ ಸರಿದು ಹೊರಗಿನ ಪ್ಯಾಡನ್ನು ಎಳೆಯುವುದಿಲ್ಲ. ಇದನ್ನು ಗಮನಿಸದೆ ಹೊಸ ಪ್ಯಾಡು ತುರುಕಿದರೆ ಅದೂ ಹೀಗೆಯೇ ಸವೆಯುತ್ತದೆ. ಹಳೆಯ ಪ್ಯಾಡನ್ನು ಬಿಸಾಡುವ ಮೊದಲು ನಾಲ್ಕನ್ನೂ ಸಾಲಾಗಿಟ್ಟು ನೋಡುವುದಕ್ಕೆ ಖರ್ಚಿಲ್ಲ.

ಇನ್ನು ನಡುಕದ ವಿಚಾರ. ಬ್ರೇಕ್ ಅದುರಿದರೆ ಡಿಸ್ಕು ಬಿಸಿಗೆ ಸೊಟ್ಟಗಾಗಿದೆ ಎಂಬುದು ಎಲ್ಲೆಡೆ ಕೇಳಿಬರುವ ಮಾತು. ಹೆಚ್ಚಿನ ಸಂದರ್ಭಗಳಲ್ಲಿ ನಿಜವಾಗಿ ಆಗಿರುವುದು ಬೇರೆ: ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನಾಗಿರುವುದಿಲ್ಲ, ಅಥವಾ ಪ್ಯಾಡಿನ ವಸ್ತು ಅಲ್ಲಲ್ಲಿ ಮೆತ್ತಿಕೊಂಡು ಘರ್ಷಣೆ ಏರುಪೇರಾಗಿರುತ್ತದೆ. ದಪ್ಪ ಏರುಪೇರಾಗುವ ಬಗೆ ಸ್ವಾರಸ್ಯದ್ದು. ಡಿಸ್ಕು ಹಬ್ಬಿನ ಮೇಲೆ ಕೂದಲೆಳೆಯಷ್ಟು ವಾರೆಯಾಗಿ ಕುಳಿತಿದ್ದರೂ, ಬ್ರೇಕ್ ಒತ್ತದೆ ಓಡುತ್ತಿರುವಾಗ ಪ್ರತಿ ಸುತ್ತಿನಲ್ಲೂ ಅದೇ ಒಂದು ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. 225/50 ಆರ್17 ಅಳತೆಯ ಟೈರಿನ ಚಕ್ರ 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಹೀಗೆ ಸವರಿದರೆ ಆ ಜಾಗ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ತೆಳುವಾಗುತ್ತದೆ. ಪೆಡಲಿಗೂ ಸ್ಟೀರಿಂಗಿಗೂ ನಡುಕ ತಲುಪಲು ಅಷ್ಟು ಸಾಕು. ಹೊಸ ಡಿಸ್ಕು ಹಾಕಿದಾಗ ಚೆನ್ನಾಗಿದ್ದ ಬ್ರೇಕು ನಾಲ್ಕಾರು ತಿಂಗಳ ನಂತರ ಮತ್ತೆ ಅದುರುವುದೇಕೆ ಎಂಬ ದೂರಿಗೆ ಉತ್ತರ ಹಲವು ಸಲ ಇಲ್ಲಿರುತ್ತದೆ, ಡಿಸ್ಕಿನ ಕಂಪನಿಯಲ್ಲಿ ಅಲ್ಲ.

ವಾರೆಯಾಗುವುದಕ್ಕೆ ಕಾರಣ ಬಹುತೇಕ ತುಕ್ಕು. ಹಳೆಯ ಡಿಸ್ಕು ತೆಗೆದಾಗ ಹಬ್ಬಿನ ಮುಖದ ಮೇಲೆ, ಅದರಲ್ಲೂ ಹೊರ ಅಂಚಿನಲ್ಲಿ ಮತ್ತು ನಡುವಿನ ದಿಂಡಿನ ಬುಡದಲ್ಲಿ, ಸುಟ್ಟ ಹಪ್ಪಳದ ಹಾಗೆ ಪದರವೆದ್ದ ತುಕ್ಕಿತ್ತು. ನಮ್ಮೂರಿನ ಮಳೆಗಾಲದಲ್ಲಿ ನೀರು ನಿಂತ ರಸ್ತೆಗಳಲ್ಲಿ ಓಡಾಡಿ, ಆಮೇಲೆ ದಿನಗಟ್ಟಲೆ ನಿಲ್ಲುವ ಕಾರಿನಲ್ಲಿ ಇದು ಸಹಜ. ಲೆಕ್ಕ ನೋಡಿ: ಹಬ್ಬಿನ ಅಂಚು ನಡುವಿನಿಂದ ಸುಮಾರು 70 ಮಿ.ಮೀ. ದೂರವಿದ್ದು, ಪ್ಯಾಡು ತಾಗುವ ಹೊರ ಭಾಗ 145 ಮಿ.ಮೀ. ದೂರವಿದ್ದರೆ, ಅಂಚಿನಲ್ಲಿ ಸಿಕ್ಕಿಕೊಂಡ 0.05 ಮಿ.ಮೀ.ನ ತುಕ್ಕಿನ ಚೂರು ಹೊರಗೆ 0.1 ಮಿ.ಮೀ.ನ ಓಲಾಟವಾಗುತ್ತದೆ. ಕುತೂಹಲಕ್ಕೆಂದು, ಬಟ್ಟೆಯಿಂದ ಮಾತ್ರ ಒರೆಸಿದ ಹಬ್ಬಿನ ಮೇಲೆಯೇ ಹೊಸ ಡಿಸ್ಕನ್ನು ಕೂರಿಸಿ ಮೊದಲು ಅಳೆದೆ. ಡಿಸ್ಕನ್ನು ಚಕ್ರದ ಬೋಲ್ಟು ಮತ್ತು ದಪ್ಪ ವಾಷರುಗಳಿಂದ ಸಮನಾಗಿ ಬಿಗಿದು, ಬ್ರಾಕೆಟ್ಟನ್ನು ತಾತ್ಕಾಲಿಕವಾಗಿ ಸಿಕ್ಕಿಸಿ, ಗೇಜಿನ ಆಯಸ್ಕಾಂತವನ್ನು ಅದಕ್ಕೆ ಕಚ್ಚಿಸಿದೆ. ಈ ಕಾರಿನಲ್ಲಿ ಹಬ್ಬನ್ನು ಹೊರುವ ಭಾಗವಾದ ಸ್ಟೀರಿಂಗ್ ನಕಲ್ ಅಲ್ಯೂಮಿನಿಯಮ್ಮಿನದಾದ್ದರಿಂದ ಆಯಸ್ಕಾಂತ ಅಲ್ಲಿ ನಿಲ್ಲುವುದಿಲ್ಲ, ಎರಕದ ಕಬ್ಬಿಣದ ಬ್ರಾಕೆಟ್ಟೇ ಗತಿ. ಅಂಚಿನಿಂದ 10 ಮಿ.ಮೀ. ಒಳಗೆ ಸೂಜಿ ಇಟ್ಟು ಕೈಯಿಂದ ಒಂದು ಸುತ್ತು ತಿರುಗಿಸಿದಾಗ ಓಲಾಟ 0.11 ಬಂತು.

ಆ ಮೇಲೆ ಡಿಸ್ಕನ್ನು ತೆಗೆದು ಹಬ್ಬಿನ ಶುದ್ಧಿಗೆ ಕುಳಿತೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ನುಂಗಿದ್ದು ಇದೇ, ನುಂಗಬೇಕಾದದ್ದೂ ಇದೇ. ಮೊದಲು ಹಳೆಯ ಸಣ್ಣ ಉಳಿಯಿಂದ ಎದ್ದ ಪದರಗಳನ್ನು ಕೆರೆದು, ವೈರ್ ಬ್ರಷ್‌ನಿಂದ ತಿಕ್ಕಿ, ಬೋಲ್ಟಿನ ರಂಧ್ರಗಳ ಸುತ್ತ ಉಪ್ಪುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಿದೆ. ಗ್ರೈಂಡರಿಗೆ ಒರಟು ಚಕ್ರ ಹಾಕಿ ಒಂದೇ ನಿಮಿಷದಲ್ಲಿ ಹೊಳೆಯಿಸುವವರನ್ನು ನೋಡಿದ್ದೇನೆ. ಅದು ತುಕ್ಕಿನ ಜೊತೆ ಹಬ್ಬಿನ ಲೋಹವನ್ನೂ ತಿಂದು ಹೊಸ ವಾರೆಯನ್ನು ಸೃಷ್ಟಿಸುತ್ತದೆ. ಬೆರಳಿನ ತುದಿಗೆ ಎಲ್ಲೂ ಏನೂ ತಡೆಯದಂತಾದ ಮೇಲೆ ಹಬ್ಬಿನ ಮುಖವನ್ನೇ ಗೇಜಿನಿಂದ ನೋಡಿದೆ: 0.02ರೊಳಗೆ ಇತ್ತು, ಅಂದರೆ ಬೇರಿಂಗೂ ಹಬ್ಬೂ ಸುಸ್ಥಿತಿಯಲ್ಲಿವೆ. ಹೊಸ ಡಿಸ್ಕನ್ನು ಮತ್ತೆ ಕೂರಿಸಿ ಅಳೆದಾಗ 0.04. ನಾನು ಇಟ್ಟುಕೊಂಡಿದ್ದ ಮಿತಿ 0.05. ಬಲಬದಿಯಲ್ಲಿ ಶುಚಿಗೊಳಿಸಿದ ಮೇಲೂ 0.07 ಬಂದದ್ದರಿಂದ ಡಿಸ್ಕನ್ನು ಒಂದೊಂದೇ ರಂಧ್ರದಷ್ಟು ಸರಿಸಿ ನೋಡಿದೆ; ಡಿಸ್ಕಿನ ವಾರೆ ಹಬ್ಬಿನ ವಾರೆಗೆ ಎದುರಾಗಿ ನಿಂತಾಗ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಆದರೆ ಈ ಕಾರಿನಲ್ಲಿ ಸಣ್ಣ ತಿರುಪಿನ ರಂಧ್ರ ಒಂದೇ ಇರುವುದರಿಂದ ಡಿಸ್ಕಿನ ಸ್ಥಾನ ನಿಗದಿಯಾಗಿರುತ್ತದೆ, ತಿರುಪು ಬಿಟ್ಟು ಬೇರೆ ಸ್ಥಾನದಲ್ಲಿ ಕೂರಿಸಲು ಮನಸ್ಸಾಗಲಿಲ್ಲ. ಮತ್ತೆ ಹಬ್ಬಿಗೇ ಮರಳಿ, ದಿಂಡಿನ ಬುಡದ ಮೂಲೆಯಲ್ಲಿ ಉಳಿದಿದ್ದ ತೆಳುವಾದ ಉಂಗುರದಂಥ ತುಕ್ಕನ್ನು ಕೆರೆದ ಮೇಲೆ ಅದೂ 0.04ಕ್ಕೆ ಇಳಿಯಿತು. ಮುಂದೆ ತುಕ್ಕು ಅಂಟದಿರಲೆಂದು ದಿಂಡಿನ ಸುತ್ತ ಮಾತ್ರ ಪೇಸ್ಟಿನ ತೀರ ತೆಳು ಲೇಪ ಕೊಟ್ಟೆ. ಡಿಸ್ಕು ಒತ್ತಿ ಕೂರುವ ಸಮತಲ ಮುಖವನ್ನು ಒಣಗಿದ್ದಂತೆಯೇ ಬಿಟ್ಟೆ.

ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಜಾರುವ ಜಾಗಗಳಲ್ಲೂ ಇದೇ ಶುದ್ಧಿ ಬೇಕು. ಅಲ್ಲಿ ತುಕ್ಕು ಉಬ್ಬಿದರೆ ಪ್ಯಾಡು ಬಿಗಿಯಾಗಿ, ಬ್ರೇಕ್ ಬಿಟ್ಟ ಮೇಲೂ ಡಿಸ್ಕಿಗೆ ಒರೆಯುತ್ತಲೇ ಇರುತ್ತದೆ. ತಿಕ್ಕಿದ ನಂತರ ಹೊಸ ಪ್ಯಾಡು ಬೆರಳಿನ ಒತ್ತಡಕ್ಕೆ ಜಾರಬೇಕು. ಆ ಜಾಗಗಳಿಗೆ ಬ್ರೇಕಿಗೆಂದೇ ತಯಾರಾದ ಸೆರಾಮಿಕ್ ಪೇಸ್ಟನ್ನು ಸವರಿದೆ. ಮನೆಯಲ್ಲಿರುವ ಸಾಮಾನ್ಯ ಗ್ರೀಸನ್ನು ಇಲ್ಲಿ ಬಳಸಲೇಬಾರದು: ಬ್ರೇಕಿನ ರಬ್ಬರ್ ಸೀಲುಗಳು ಖನಿಜ ಎಣ್ಣೆ ತಾಗಿದರೆ ಉಬ್ಬುತ್ತವೆ. ಗೈಡ್ ಪಿನ್ನಿನ ವಿಚಾರದಲ್ಲಿ ನಮ್ಮ ಮೆಕ್ಯಾನಿಕ್‌ಗಳ ಅಭ್ಯಾಸಕ್ಕೂ ಈ ಕಾರಿನ ವಿಧಾನಕ್ಕೂ ನೇರ ವಿರೋಧವಿದೆ. ಜಪಾನಿ ಮೂಲದ ಕಾರುಗಳಲ್ಲಿ ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಚ್ಚುವುದು ಸರಿ. ಇಲ್ಲಿ ಪಿನ್ನು ರಬ್ಬರ್ ಬುಷ್‌ನೊಳಗೆ ಒಣದಾಗಿ ಜಾರಬೇಕೆಂದೇ ವಿನ್ಯಾಸವಾಗಿದ್ದು, ಗ್ರೀಸ್ ಹಚ್ಚಿದರೆ ಅದು ಪುಡಿಯನ್ನು ಹಿಡಿದು ಅಂಟಾಗುತ್ತದೆ. ಎಡಬದಿಯ ಕೆಳಗಿನ ಪಿನ್ನನ್ನು ತೆಗೆದಾಗ ಕಂಡದ್ದು ಅದೇ: ಹಿಂದೆ ಯಾರೋ ಹಚ್ಚಿದ್ದ ಗ್ರೀಸು ಕಪ್ಪು ಅಂಟಾಗಿ ಪಿನ್ನನ್ನು ಹಿಡಿದಿತ್ತು. ಪ್ಯಾಡುಗಳ ಅಸಮ ಸವೆತಕ್ಕೆ ಕಾರಣ ಕೈಗೆ ಸಿಕ್ಕಂತಾಯಿತು. ಪಿನ್ನನ್ನು ಒರೆಸಿ, ಉಬ್ಬಿದ್ದ ಎರಡು ಬುಷ್‌ಗಳನ್ನು ಹೊಸದಾಗಿ ತಂದು ಹಾಕಿದೆ.

ಪಿಸ್ಟನ್ ಒಳತಳ್ಳುವ ಮೊದಲು ಬಾನೆಟ್ ತೆರೆದು ಬ್ರೇಕ್ ದ್ರವದ ಡಬ್ಬಿಯನ್ನು ನೋಡಬೇಕು. ಪ್ಯಾಡು ಸವೆದಂತೆಲ್ಲ ಯಾರಾದರೂ ದ್ರವ ತುಂಬಿಸಿದ್ದರೆ, ಪಿಸ್ಟನ್ ಹಿಂದೆ ಹೋದಾಗ ಅದು ಉಕ್ಕಿ ಬಣ್ಣವನ್ನು ತಿನ್ನುತ್ತದೆ. ಸಿರಿಂಜಿನಿಂದ ಸ್ವಲ್ಪ ಹೊರತೆಗೆದು, ಸುತ್ತ ಬಟ್ಟೆ ಹಾಸಿ, ಪಿಸ್ಟನ್ನಿನ ರಬ್ಬರ್ ಹೊದಿಕೆಯಲ್ಲಿ ಹರಕಿಲ್ಲವೆಂದು ಖಚಿತಪಡಿಸಿಕೊಂಡು, ನಿಧಾನವಾಗಿ ಒತ್ತಿದೆ. ದ್ರವವನ್ನೇ ಬದಲಿಸುವ ಕೆಲಸವನ್ನು ಇದರಲ್ಲಿ ಸೇರಿಸಲಿಲ್ಲ, ಅದರ ಎರಡು ವರ್ಷದ ಅವಧಿ ಇನ್ನೂ ಬಾಕಿಯಿತ್ತು. ಆ ಅವಧಿಯನ್ನು ಮೀರಬಾರದು, ಏಕೆಂದರೆ ದ್ರವ ಗಾಳಿಯ ತೇವವನ್ನು ಹೀರುತ್ತದೆ: ಡಾಟ್ 4 ದರ್ಜೆಯ ದ್ರವದ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಇರಬೇಕಾದರೆ, ತೇವ ಹೀರಿದ ಸ್ಥಿತಿಗೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ನಂದಿ ಬೆಟ್ಟದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಜೋಡಣೆಯಲ್ಲಿ ಅಂದಾಜಿಗೆ ಜಾಗವಿಲ್ಲ. ಡಿಸ್ಕಿನ ಸಣ್ಣ ತಿರುಪು 16 ನ್ಯೂಟನ್ ಮೀಟರ್, ಬ್ರಾಕೆಟ್ಟಿನ ಬೋಲ್ಟು 110, ಗೈಡ್ ಪಿನ್ನು 35, ಚಕ್ರದ ಬೋಲ್ಟು 140. ಹೊಸ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಆಮೇಲೆ ಅದರ ಮುಖವನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಎಡಬದಿಯ ಒಳ ಪ್ಯಾಡಿಗೆ ಹೊಸ ಸೆನ್ಸರನ್ನು ಸಿಕ್ಕಿಸಿ, ಅದರ ತಂತಿಯನ್ನು ಹಳೆಯದು ಹೋಗಿದ್ದ ಕ್ಲಿಪ್ಪುಗಳ ಮೂಲಕವೇ ಹಾಯಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಅದು ಎಲ್ಲೂ ಎಳೆಯುವುದಿಲ್ಲ, ಟೈರಿಗೆ ತಾಗುವುದಿಲ್ಲ ಎಂದು ನೋಡಿದೆ. ಚಕ್ರದ ಬೋಲ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ, ಎರಡು ಹಂತಗಳಲ್ಲಿ, ಕಾರು ನೆಲಕ್ಕಿಳಿದ ಮೇಲೆ ಬಿಗಿದೆ. ಗಾಳಿಯ ಗನ್ನಿನಿಂದ ಒಂದೇ ಏಟಿಗೆ ಬಿಗಿದರೆ, ಅಷ್ಟು ಕಷ್ಟಪಟ್ಟು ಸಾಧಿಸಿದ 0.04 ಉಳಿಯುವ ಭರವಸೆಯಿಲ್ಲ.

ಕಾರನ್ನು ಅಲುಗಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಒಳತಳ್ಳಿದ ಪಿಸ್ಟನ್ ಪ್ಯಾಡಿಗೆ ಮತ್ತೆ ತಾಗುವ ತನಕ ಮೊದಲ ಒತ್ತುಗಳು ನೆಲದವರೆಗೂ ಹೋಗುತ್ತವೆ, ಆ ಸ್ಥಿತಿಯಲ್ಲಿ ಗೇರ್ ಹಾಕಿದವನಿಗೆ ಎದುರಿನ ಗೇಟೇ ಬ್ರೇಕು. ನಂತರ ದ್ರವದ ಮಟ್ಟ ನೋಡಿ ಮುಚ್ಚಳ ಹಾಕಿದೆ. ಕಂಪ್ಯೂಟರಿನ ಲೆಕ್ಕವನ್ನು ಹೊಸದಾಗಿಸಲು ಸ್ಕ್ಯಾನರ್ ಬೇಕಾಗಲಿಲ್ಲ: ಬ್ರೇಕ್ ಪೆಡಲ್ ಒತ್ತದೆ ಸ್ಟಾರ್ಟ್ ಗುಂಡಿಯಿಂದ ಇಗ್ನಿಷನ್ ಮಾತ್ರ ಹಾಕಿ, ಮೀಟರಿನ ಬಳಿಯ ಟ್ರಿಪ್ ಗುಂಡಿಯನ್ನು ಸರ್ವಿಸ್ ಪಟ್ಟಿ ಮೂಡುವವರೆಗೆ ಒತ್ತಿಹಿಡಿದು, ಮುಂದಿನ ಬ್ರೇಕಿನ ಚಿತ್ರಕ್ಕೆ ಬಂದು ಮತ್ತೆ ಒತ್ತಿಹಿಡಿದರೆ ಅದು ಒಪ್ಪಿಗೆ ಕೇಳುತ್ತದೆ. ಹಳೆಯ, ಕಡಿದುಹೋದ ಸೆನ್ಸರ್ ಇದ್ದರೆ ಒಪ್ಪಿಕೊಳ್ಳುವುದಿಲ್ಲ, ಆದ್ದರಿಂದ ಹೊಸ ಸೆನ್ಸರಿನ ಹಣ ಉಳಿಸುವ ಲೋಭ ಬೇಡ.

ಹೊಸ ಪ್ಯಾಡಿಗೂ ಡಿಸ್ಕಿಗೂ ಹದ ಬರಿಸಲು ಖಾಲಿ ರಸ್ತೆ ಬೇಕು. ಹೆದ್ದಾರಿಯಲ್ಲಿ ಹಿಂದಿನವರಿಗೆ ಕಾರಣ ತಿಳಿಯದಂತೆ ಪದೇ ಪದೇ ನಿಧಾನಿಸುವುದು ಅಪಾಯ. ಕನಕಪುರ ರಸ್ತೆಯಲ್ಲಿ ಸಾಗಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಅಗಲವಾದ ಒಳರಸ್ತೆಗಳನ್ನು ರಜೆಯ ದಿನದ ಬೆಳಿಗ್ಗೆ ಆರಿಸಿಕೊಂಡೆ. 60ರಿಂದ 20ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲದೆ ಮತ್ತೆ ವೇಗ ಹಿಡಿದು, ಹತ್ತರ ಆಸುಪಾಸು ಬಾರಿ ಹೀಗೆ ಮಾಡಿದ ಮೇಲೆ, ಬ್ರೇಕನ್ನು ಆದಷ್ಟು ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಯಲು ಬಿಟ್ಟೆ. ಪ್ಯಾಡಿನ ವಸ್ತುವಿನ ತೆಳು ಪದರವೊಂದು ಡಿಸ್ಕಿನ ಸುತ್ತ ಸಮನಾಗಿ ಕೂರುವುದು ಇದರ ಉದ್ದೇಶ. ಬಿಸಿಯಾದ ಬ್ರೇಕನ್ನು ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದು ನಿಂತರೆ ಪ್ಯಾಡು ತಾಗಿದ ಒಂದೇ ಜಾಗದಲ್ಲಿ ಅದು ಮುದ್ರೆಯಂತೆ ಮೆತ್ತಿಕೊಂಡು, ಕಳೆದ ನಡುಕವನ್ನೇ ಹೊಸ ಡಿಸ್ಕಿಗೆ ದಾನ ಮಾಡಿದಂತಾಗುತ್ತದೆ. ಹೊಸ ಪ್ಯಾಡಿನ ಅಂಟು ಸುಡುವ ವಾಸನೆ ಸ್ವಲ್ಪ ಬಂತು, ಗಾಬರಿಯಾಗುವಂಥದಲ್ಲ. ಹಿಂದಿರುಗುವಾಗ ಅದೇ ರಸ್ತೆಯಲ್ಲಿ 80ರಿಂದ ಒತ್ತಿ ನೋಡಿದೆ, ಸ್ಟೀರಿಂಗ್ ಅದುರಲಿಲ್ಲ.

ಮನೆಗೆ ಬಂದು, ಕಾರು ತಣಿದ ಮೇಲೆ ಚಕ್ರದ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿದೆ, ಯಾವುದೂ ಕದಲಲಿಲ್ಲ. ಎರಡೂ ಚಕ್ರಗಳ ಶಾಖ ಹೆಚ್ಚುಕಡಿಮೆ ಸಮನಾಗಿದೆಯೇ ಎಂಬುದನ್ನು ಮರುದಿನದ ಓಡಾಟದ ನಂತರ ಅವಗೆಂಪು ಥರ್ಮಾಮೀಟರಿನಿಂದ ನೋಡಿದೆ. ಎಡಬದಿ ಈಗ ಬಲಬದಿಗೆ ಸಮನಾಗಿದೆ, ಅಂದರೆ ಪಿನ್ನು ಸರಾಗವಾಗಿ ಜಾರುತ್ತಿದೆ. ಮಳೆ ಬಂದ ರಾತ್ರಿಯ ಮರುದಿನ ಬೆಳಿಗ್ಗೆ ಡಿಸ್ಕಿನ ಮುಖದ ಮೇಲೆ ಕಾಣುವ ಕಿತ್ತಳೆ ಬಣ್ಣದ ತುಕ್ಕು ಮೊದಲ ಒಂದೆರಡು ಒತ್ತುಗಳಿಗೆ ಹೋಗುತ್ತದೆ, ಅದಕ್ಕೆ ಏನೂ ಹಚ್ಚಬೇಕಿಲ್ಲ. ಹಳೆಯ ಡಿಸ್ಕುಗಳು ಗುಜರಿಗೆ ಹೋದವು. ಹಿಂದಿನ ಆಕ್ಸಲ್ಲಿನ ಪ್ಯಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುವುದರಿಂದ ಅದನ್ನು ಮುಂದಿನ ಮಳೆಗಾಲದ ನಂತರಕ್ಕೆ ಇಟ್ಟಿದ್ದೇನೆ. ಅಲ್ಲಿ 300 ಮಿ.ಮೀ.ನ ಡಿಸ್ಕಿನ ಜೊತೆಗೆ ಹ್ಯಾಂಡ್‌ಬ್ರೇಕಿನ ಶೂಗಳನ್ನೂ ಬಿಚ್ಚಿ, ಅವುಗಳ ಹಲ್ಲಿನ ಚಕ್ರವನ್ನು ಬೋಲ್ಟಿನ ರಂಧ್ರದ ಮೂಲಕ ಹೊಂದಿಸುವ ಕೆಲಸವಿರುತ್ತದೆ.